ಕುಂಬಾರನ ಕತ್ತೆ ಮತ್ತು ಸರ್ವರಿನ ರೀಸ್ಟಾರ್ಟ್

ಒಂದು ಕಾರ್ಯಕ್ಕೆ ಮುಂಚೆ ನಡೆದದ್ದೆಲ್ಲ ಅದಕ್ಕೆ ಕಾರಣವಾಗುವುದಿಲ್ಲ ಎಂಬುದನ್ನು ಒಪ್ಪದವರಿಲ್ಲ. ಆದರೆ ಮುಂಚೆ ನಡೆದ ಹತ್ತು ಸಂಗತಿಗಳಲ್ಲಿ ಯಾವುದನ್ನು ಕಾರಣವೆಂದು ಹೆಸರಿಸಬೇಕು, ಉಳಿದ ಒಂಬತ್ತನ್ನು ಯಾವ ಆಧಾರದ ಮೇಲೆ ಕೈಬಿಡಬೇಕು ಎಂದು ಕೇಳಿದೊಡನೆ ಒಮ್ಮತ ಮುರಿಯುತ್ತದೆ. ನ್ಯಾಯದರ್ಶನವು ಈ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಎರಡು ಅಂಶಗಳಿವೆ. ಕಾರಣವು ಕಾರ್ಯಕ್ಕಿಂತ ಮೊದಲು ತಪ್ಪದೆ ಇರತಕ್ಕದ್ದು, ಅಂದರೆ ನಿಯತಪೂರ್ವವರ್ತಿಯಾಗಿರಬೇಕು. ಅಷ್ಟೇ ಸಾಲದು, ಅದು ಅನ್ಯಥಾಸಿದ್ಧವಾಗಿರಕೂಡದು. ಕಾರ್ಯದ ಹಿಂದೆ ಇದ್ದೂ ಅದರ ಉತ್ಪತ್ತಿಯನ್ನು ವಿವರಿಸಲು ಬೇಡವಾದದ್ದು, ಬೇರೆ ಕಾರಣಗಳಿಂದಲೇ ಕೆಲಸ ಪೂರೈಸುವಾಗ ಬದಿಯಲ್ಲಿ ನಿಂತಿರುವುದು ಅನ್ಯಥಾಸಿದ್ಧ. 17ನೆಯ ಶತಮಾನದ ವಿಶ್ವನಾಥ ಪಂಚಾನನನು ಭಾಷಾಪರಿಚ್ಛೇದದಲ್ಲಿ ಇಂಥವುಗಳನ್ನು ಐದು ಬಗೆಯಾಗಿ ವಿಂಗಡಿಸುತ್ತಾನೆ. ಮಡಕೆಗೆ ಚಕ್ರ ತಿರುಗಿಸುವ ಕೋಲು ಕಾರಣ, ಆದರೆ ಆ ಕೋಲಿನ ಕೋಲುತನವಾಗಲಿ ಬಣ್ಣವಾಗಲಿ ಕಾರಣವಲ್ಲ. ಎಲ್ಲಕ್ಕೂ ಮುಂಚೆ ಇರುವ ಆಕಾಶ ಕಾರಣವಲ್ಲ. ಕುಂಬಾರ ಕಾರಣ, ಕುಂಬಾರನ ತಂದೆ ಕಾರಣವಲ್ಲ. ಕಡೆಯದಾಗಿ, ಮಣ್ಣು ಹೊತ್ತು ತಂದ ಕತ್ತೆಯೂ ಕಾರಣವಲ್ಲ.

ಈ ಐದರಲ್ಲಿ ಕತ್ತೆಯ ಪ್ರಕರಣ ಉಳಿದವುಗಳಿಗಿಂತ ಸೂಕ್ಷ್ಮವಾದದ್ದು. ಒಂದು ನಿರ್ದಿಷ್ಟ ಮಡಕೆಯ ಮಣ್ಣು ನಿಜವಾಗಿಯೂ ಕತ್ತೆಯ ಬೆನ್ನಿನ ಮೇಲೆಯೇ ಬಂದಿರಬಹುದು. ಆ ದಿನ ಕತ್ತೆ ಬಾರದೆ ಇದ್ದಿದ್ದರೆ ಆ ಮಡಕೆ ಆಗುತ್ತಿರಲಿಲ್ಲ ಎಂದು ಕುಂಬಾರನೇ ಸಾಕ್ಷಿ ಹೇಳಬಹುದು. ಹಾಗಿದ್ದೂ ನೈಯಾಯಿಕನು ಕತ್ತೆಯನ್ನು ಹೊರಗಿಡುತ್ತಾನೆ, ಏಕೆಂದರೆ ಗಾಡಿಯಲ್ಲಿ ಬಂದ ಮಣ್ಣಿನಿಂದಲೂ ತಲೆಹೊರೆಯಲ್ಲಿ ಬಂದ ಮಣ್ಣಿನಿಂದಲೂ ಮಡಕೆಗಳಾಗುತ್ತವೆ, ಮತ್ತು ಅಲ್ಲೆಲ್ಲ ಮಣ್ಣು, ಚಕ್ರ, ಕೋಲು, ಕುಂಬಾರ ಇಷ್ಟರಿಂದಲೇ ಕೆಲಸ ಸಾಗುತ್ತದೆ. ಕಾರಣವಿಚಾರವು ಒಂದು ಮಡಕೆಯ ಚರಿತ್ರೆಯಲ್ಲ, ಮಡಕೆ ಎಂಬ ಜಾತಿಗೆ ಸಂಬಂಧಿಸಿದ್ದು ಎಂಬುದು ಇದರ ತಿರುಳು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಮೊದಲ ಪಾಠಗಳಲ್ಲೊಂದಾಗಿ ಓದುವ ಕರ್ನಾಟಕದ ಸಂಸ್ಕೃತ ಪಾಠಶಾಲೆಗಳ ವಿದ್ಯಾರ್ಥಿಗಳಿಗೆ ಕೋಲು, ಚಕ್ರ, ಮಡಕೆಗಳು ಸವೆದ ಉದಾಹರಣೆಗಳಂತೆ ಕಾಣಬಹುದು. ಆದರೆ ಕತ್ತೆ ಇಂದಿಗೂ ದಿನನಿತ್ಯ ಕಾರಣದ ಪಟ್ಟವೇರುವ ಒಂದು ಕ್ಷೇತ್ರವಿದೆ, ಅದು ವೆಬ್ ಸರ್ವರುಗಳನ್ನು ನೋಡಿಕೊಳ್ಳುವ ಪ್ರೋಗ್ರಾಮರ್‌ಗಳ ಕ್ಷೇತ್ರ.

ವೆಬ್ ಪುಟಗಳನ್ನು ಸರ್ವರಿನಲ್ಲೇ ಸಿದ್ಧಪಡಿಸಿ ಕಳಿಸುವ ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಪಿಎಚ್‌ಪಿ ಬಹು ಪ್ರಚಲಿತವಾದದ್ದು. ರಾಸ್ಮಸ್ ಲೆರ್ಡೋರ್ಫ್ 1994ರಲ್ಲಿ ತಮ್ಮ ಸ್ವಂತ ಪುಟಕ್ಕಾಗಿ ಬರೆದುಕೊಂಡ ಸಣ್ಣ ಸಾಧನಗಳು 1995ರಲ್ಲಿ ಸಾರ್ವಜನಿಕರ ಕೈಗೆ ಬಂದು ಕ್ರಮೇಣ ಈ ಭಾಷೆಯಾದವು. ಅದರ ನಡತೆಯನ್ನು ತಿದ್ದುವ ಸೆಟ್ಟಿಂಗುಗಳು ಪಿಎಚ್‌ಪಿ ಡಾಟ್ ಐಎನ್‌ಐ ಎಂಬ ಕಡತದಲ್ಲಿರುತ್ತವೆ, ಮತ್ತು ಪುಟ ನಿಧಾನವಾದಾಗ ಅನೇಕರ ಕೈ ಮೊದಲು ಹೋಗುವುದು ಅಲ್ಲಿರುವ ಮೆಮೊರಿ ಲಿಮಿಟ್ ಎಂಬ ಸಾಲಿಗೆ. ಒಂದು ಸ್ಕ್ರಿಪ್ಟ್ ಗರಿಷ್ಠ ಎಷ್ಟು ಮೆಮೊರಿ ಬಳಸಬಹುದೆಂಬ ಮಿತಿ ಅದು. ಬದಲಿಸದೆ ಬಿಟ್ಟರೆ 128 ಮೆಗಾಬೈಟ್. ಪ್ರೋಗ್ರಾಮರ್ ಅದನ್ನು 512ಕ್ಕೆ ಏರಿಸುತ್ತಾನೆ, ಹೊಸ ಸೆಟ್ಟಿಂಗ್ ಜಾರಿಗೆ ಬರಲು ಸರ್ವರನ್ನು ರೀಸ್ಟಾರ್ಟ್ ಮಾಡುತ್ತಾನೆ, ಪುಟ ಚುರುಕಾಗುತ್ತದೆ, ಮೆಮೊರಿ ಸಾಲದೆ ಪುಟ ನಿಧಾನವಾಗಿತ್ತೆಂಬ ನಿರ್ಣಯಕ್ಕೆ ಬರುತ್ತಾನೆ.

ಈ ನಿರ್ಣಯದಲ್ಲಿ ಪೂರ್ವವರ್ತಿತ್ವ ಇದೆ, ಕಾರಣತ್ವ ಇಲ್ಲ. ಮೆಮೊರಿ ಲಿಮಿಟ್ ಒಂದು ಗಡಿಯೇ ಹೊರತು ಸರಬರಾಜಲ್ಲ. ಗಡಿ ದಾಟಿದ ಸ್ಕ್ರಿಪ್ಟ್ ನಿಧಾನವಾಗುವುದಿಲ್ಲ, ದೋಷಸಂದೇಶ ಕೊಟ್ಟು ಅಲ್ಲಿಯೇ ನಿಂತುಹೋಗುತ್ತದೆ. ಗಡಿಯನ್ನು ಮುಟ್ಟದೆ ಓಡುತ್ತಿದ್ದ ಸ್ಕ್ರಿಪ್ಟಿಗೆ ಗಡಿಯನ್ನು ದೂರ ಸರಿಸಿದ್ದರಿಂದ ಯಾವ ವೇಗವೂ ಬರುವುದಿಲ್ಲ. ಹಾಗಾದರೆ ಚುರುಕು ಬಂದದ್ದೆಲ್ಲಿಂದ? ಪಿಎಚ್‌ಪಿಯನ್ನು ನಡೆಸುವ ಎಫ್‌ಪಿಎಂ ಎಂಬ ವ್ಯವಸ್ಥೆಯಲ್ಲಿ ಏಕಕಾಲಕ್ಕೆ ಕೆಲಸ ಮಾಡಬಲ್ಲ ಪ್ರಕ್ರಿಯೆಗಳ ಸಂಖ್ಯೆಗೆ ಮಿತಿಯಿರುತ್ತದೆ, ಮತ್ತು ಅವೆಲ್ಲ ಉತ್ತರ ಕೊಡದ ಹೊರಗಿನ ಒಂದು ಸೇವೆಗಾಗಿಯೋ ಬಿಡುಗಡೆಯಾಗದ ಒಂದು ಲಾಕಿಗಾಗಿಯೋ ಕಾಯುತ್ತ ನಿಂತರೆ ಹೊಸದಾಗಿ ಬಂದ ಕೋರಿಕೆಗಳು ಬಾಗಿಲಲ್ಲೇ ಸಾಲುಗಟ್ಟುತ್ತವೆ. ರೀಸ್ಟಾರ್ಟ್ ಈ ಸಾಲನ್ನು ಚದುರಿಸುತ್ತದೆ. ಸಮಾಧಾನ ತಂದದ್ದು ರೀಸ್ಟಾರ್ಟ್. ಮೆಮೊರಿಯ ಸಾಲು ಆ ದಿನ ರೀಸ್ಟಾರ್ಟನ್ನು ಹೊತ್ತು ತಂದ ಕತ್ತೆ. ಸೆಟ್ಟಿಂಗನ್ನು ತಿದ್ದದೆ ಇದ್ದಿದ್ದರೆ ರೀಸ್ಟಾರ್ಟ್ ಆಗುತ್ತಿರಲಿಲ್ಲ, ರೀಸ್ಟಾರ್ಟ್ ಆಗದಿದ್ದರೆ ಪುಟ ಚುರುಕಾಗುತ್ತಿರಲಿಲ್ಲ ಎಂಬುದು ಆ ಒಂದು ದಿನದ ಚರಿತ್ರೆಯಾಗಿ ಸತ್ಯ. ಅದಕ್ಕಿಂತ ಮುಂದಿನ ಮಾತೆಂದರೆ, ರೀಸ್ಟಾರ್ಟ್ ಕೂಡ ಉಪಶಮನಕ್ಕೆ ಕಾರಣವೇ ಹೊರತು ಅದು ಇಲ್ಲದಿದ್ದುದು ರೋಗಕ್ಕೆ ಕಾರಣವಾಗಿರಲಿಲ್ಲ. ಹೊರಗಿನ ಸೇವೆ ಮತ್ತೆ ತಡಮಾಡಿದ ದಿನ ಸಾಲು ಮತ್ತೆ ಬೆಳೆಯುತ್ತದೆ.

ಇಂಥ ಗೊಂದಲವನ್ನು ಬಿಡಿಸಲು ತರ್ಕಶಾಸ್ತ್ರದಲ್ಲಿರುವ ಉಪಕರಣ ಅನ್ವಯ-ವ್ಯತಿರೇಕ: ಇದು ಇದ್ದರೆ ಅದು ಇರುತ್ತದೆ ಎಂಬುದು ಅನ್ವಯ, ಇದು ಇಲ್ಲದಿದ್ದರೆ ಅದೂ ಇಲ್ಲ ಎಂಬುದು ವ್ಯತಿರೇಕ. ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಗ್ರಂಥದಲ್ಲಿ ನಿರೂಪಿಸಿದ ಸಾಮ್ಯವಿಧಾನ ಮತ್ತು ಭೇದವಿಧಾನಗಳು ಇದಕ್ಕೆ ತೀರ ಹತ್ತಿರದವು. ಹೇಳಲು ಸರಳವಾದ ಈ ಉಪಕರಣ ಬಳಕೆಯಲ್ಲಿ ಏಕೆ ಕೈಕೊಡುತ್ತದೆಂಬುದನ್ನು ಸರ್ವರಿನ ಜಗತ್ತು ಚೆನ್ನಾಗಿ ತೋರಿಸುತ್ತದೆ, ಏಕೆಂದರೆ ಅಲ್ಲಿ ‘ಇದು ಇದೆ’, ‘ಇದು ಇಲ್ಲ’ ಎಂಬ ಮಾತುಗಳೇ ನಂಬಲರ್ಹವಲ್ಲ. ಅನೇಕ ಸರ್ವರುಗಳಲ್ಲಿ ಕಮಾಂಡ್ ಲೈನಿನಿಂದ ಓಡುವ ಪಿಎಚ್‌ಪಿಗೆ ಒಂದು ಐಎನ್‌ಐ ಕಡತ, ವೆಬ್ ಸರ್ವರಿನಡಿ ಓಡುವ ಪಿಎಚ್‌ಪಿಗೆ ಇನ್ನೊಂದು ಇರುತ್ತದೆ. ಮೊದಲನೆಯದನ್ನು ತಿದ್ದಿ ಪುಟದಲ್ಲಿ ಬದಲಾವಣೆ ಕಾಣದವನು ಆ ಸೆಟ್ಟಿಂಗ್ ಕಾರಣವಲ್ಲವೆಂದು ತೀರ್ಮಾನಿಸಿದರೆ, ಅವನ ವ್ಯತಿರೇಕ ನಡೆದೇ ಇರುವುದಿಲ್ಲ. ಹಾಗೆಯೇ 2013ರ 5.5ನೆಯ ಆವೃತ್ತಿಯಿಂದ ಪಿಎಚ್‌ಪಿಯ ಜೊತೆಯಲ್ಲೇ ಬರುತ್ತಿರುವ ಆಪ್‌ಕ್ಯಾಶ್ ಎಂಬ ವಿಸ್ತರಣೆ, ಒಮ್ಮೆ ಭಾಷಾಂತರಿಸಿದ ಸ್ಕ್ರಿಪ್ಟನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಅದನ್ನೇ ಓಡಿಸುತ್ತದೆ. ಮೂಲ ಕಡತ ಬದಲಾಗಿದೆಯೇ ಎಂದು ಸಾಮಾನ್ಯವಾಗಿ ಎರಡು ಸೆಕೆಂಡಿಗೊಮ್ಮೆ ಮಾತ್ರ ನೋಡುತ್ತದೆ, ಆ ತಪಾಸಣೆಯನ್ನು ಆರಿಸಿಟ್ಟ ಸರ್ವರುಗಳಲ್ಲಿ ನೋಡುವುದೇ ಇಲ್ಲ. ಅಂಥಲ್ಲಿ ಕಣ್ಣ ಮುಂದಿನ ಕಡತ ಒಂದು, ಓಡುತ್ತಿರುವ ಕಡತ ಮತ್ತೊಂದು. ಪ್ರತ್ಯಕ್ಷವೇ ಹೀಗೆ ಎರಡಾದಾಗ ಅನುಮಾನದ ಗತಿಯನ್ನು ಹೇಳಬೇಕಾಗಿಲ್ಲ. ನುರಿತವರು ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಪಿಎಚ್‌ಪಿ-ಇನ್ಫೋ ಎಂಬ ಫಂಕ್ಷನ್ನಿನ ಮೂಲಕ ಸರ್ವರ್ ನಿಜವಾಗಿ ಓದಿರುವ ಕಡತ ಯಾವುದೆಂದು ಕೇಳಿಕೊಳ್ಳುತ್ತಾರೆ. ಇದು ತಂತ್ರದ ಜಾಣ್ಮೆಗಿಂತ ಹೆಚ್ಚಾಗಿ ಪ್ರಮಾಣಶಾಸ್ತ್ರದ ಎಚ್ಚರ.

ಇನ್ನೊಂದು ಬಗೆಯ ತಪ್ಪು ಇದಕ್ಕಿಂತ ಗಂಭೀರವಾದದ್ದು, ಏಕೆಂದರೆ ಅಲ್ಲಿ ಪ್ರಯೋಗ ಸರಿಯಾಗಿಯೇ ನಡೆದಿರುತ್ತದೆ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ಅದೇ ಯಂತ್ರದಲ್ಲಿರುವಾಗ ಸ್ಕ್ರಿಪ್ಟಿನಲ್ಲಿ ಅದರ ವಿಳಾಸವನ್ನು ಲೋಕಲ್‌ಹೋಸ್ಟ್ ಎಂಬ ಹೆಸರಿನಿಂದಲೂ ಬರೆಯಬಹುದು, 127.0.0.1 ಎಂಬ ಸಂಖ್ಯೆಯಿಂದಲೂ ಬರೆಯಬಹುದು. ಎರಡಕ್ಕೂ ‘ಈ ಯಂತ್ರವೇ’ ಎಂದು ಅರ್ಥ. ಕೆಲವು ವಿಂಡೋಸ್ ಯಂತ್ರಗಳಲ್ಲಿ ಹೆಸರನ್ನು ತೆಗೆದು ಸಂಖ್ಯೆ ಹಾಕಿದೊಡನೆ ಪ್ರತಿ ಪುಟಕ್ಕೂ ಸುಮಾರು ಒಂದು ಸೆಕೆಂಡಿನಷ್ಟು ಉಳಿತಾಯವಾಗುವುದನ್ನು ಪ್ರೋಗ್ರಾಮರ್‌ಗಳು ಕಂಡಿದ್ದಾರೆ, ಮತ್ತು ಹೆಸರು ಬಳಸಿದರೆ ನಿಧಾನ ಎಂಬ ವ್ಯಾಪ್ತಿಯನ್ನು, ಅಂದರೆ ತಪ್ಪದ ಸಹಚಾರದ ನಿಯಮವನ್ನು, ಕಟ್ಟಿಕೊಂಡಿದ್ದಾರೆ. ಲಿನಕ್ಸಿಗೆ ಹೋದರೆ ಈ ವ್ಯಾಪ್ತಿ ಮುರಿಯುತ್ತದೆ; ಅಲ್ಲಿ ಲೋಕಲ್‌ಹೋಸ್ಟ್ ಎಂದರೆ ಮೈಎಸ್‌ಕ್ಯುಎಲ್ ಸಾಕೆಟ್ ಕಡತದ ಹತ್ತಿರದ ದಾರಿಯನ್ನು ಹಿಡಿಯುತ್ತದೆ, ತಡವಾಗುವುದಿಲ್ಲ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂಬ ಮಾತು ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಸುಳ್ಳಾಗುವುದನ್ನು ತೋರಿಸಿ ನೈಯಾಯಿಕರು ಅಲ್ಲಿ ಹಸಿ ಸೌದೆಯೆಂಬ ಉಪಾಧಿ ಅಡಗಿದೆ ಎನ್ನುತ್ತಾರೆ. ಉಪಾಧಿ ಎಂದರೆ ವ್ಯಾಪ್ತಿ ನಿಲ್ಲಲು ಬೇಕಾಗಿದ್ದೂ ಹೇಳದೆ ಉಳಿದ ಷರತ್ತು. ಇಲ್ಲಿಯ ಹಸಿ ಸೌದೆ, ಆ ಹೆಸರನ್ನು ಯಂತ್ರ ಮೊದಲು ಐಪಿ ಆರನೆಯ ಆವೃತ್ತಿಯ ವಿಳಾಸವಾಗಿ ಬಿಡಿಸಿಕೊಂಡು, ಡೇಟಾಬೇಸ್ ಕಿವಿಗೊಡದ ಆ ಬಾಗಿಲನ್ನು ತಟ್ಟಿ, ಸೋತು, ಆಮೇಲೆ ನಾಲ್ಕನೆಯ ಆವೃತ್ತಿಯ ವಿಳಾಸಕ್ಕೆ ಹೊರಳುವುದು. ನಿಧಾನವು ಹೆಸರಿನಲ್ಲಿರಲಿಲ್ಲ, ಸಂಖ್ಯೆ ಬರೆದವನಿಗೆ ಲಾಭ ಮಾತ್ರ ಖಂಡಿತ ಸಿಕ್ಕಿತು.

ತಪ್ಪು ತಿಳಿವಳಿಕೆಯಿಂದ ಸರಿಯಾದ ಫಲ ಸಿಗುವ ಈ ಸ್ಥಿತಿಗೆ ಭಾರತೀಯ ದರ್ಶನದಲ್ಲಿ ಒಂದು ಹೆಸರೇ ಇದೆ: ಸಂವಾದಿ ಭ್ರಮೆ. ಶೃಂಗೇರಿಯ ಪೀಠಾಧಿಪತಿಯಾಗಿದ್ದ 14ನೆಯ ಶತಮಾನದ ವಿದ್ಯಾರಣ್ಯರ ಹೆಸರಿನಲ್ಲಿರುವ ಪಂಚದಶಿಯ ಧ್ಯಾನದೀಪ ಪ್ರಕರಣ ಈ ವಿಚಾರದಿಂದಲೇ ಆರಂಭವಾಗುತ್ತದೆ. ಅಲ್ಲಿ ಬರುವ, ಅದಕ್ಕೂ ಹಿಂದೆ 7ನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯಲ್ಲಿ ಕಾಣಸಿಗುವ ದೃಷ್ಟಾಂತವಿದು. ಒಬ್ಬನು ರತ್ನದ ಕಾಂತಿಯನ್ನು ಕಂಡು ರತ್ನವೆಂದು ಓಡುತ್ತಾನೆ, ಮತ್ತೊಬ್ಬನು ದೀಪದ ಕಾಂತಿಯನ್ನು ಕಂಡು ರತ್ನವೆಂದು ಓಡುತ್ತಾನೆ. ಕಾಂತಿಯನ್ನು ರತ್ನವೆಂದು ತಿಳಿದದ್ದರಿಂದ ಇಬ್ಬರದೂ ಭ್ರಮೆಯೇ, ಆದರೆ ಮೊದಲನೆಯವನ ಕೈಗೆ ರತ್ನ ಸಿಗುತ್ತದೆ. ಮಂಜಿನಂಥ ಆವಿಯನ್ನು ಹೊಗೆಯೆಂದು ತಿಳಿದು ಬೆಂಕಿಯನ್ನು ಊಹಿಸಿ ಹೋದವನಿಗೆ ಅಲ್ಲಿ ಆಕಸ್ಮಿಕವಾಗಿ ಬೆಂಕಿ ಸಿಕ್ಕಿದ್ದನ್ನೂ, ಗೋದಾವರಿಯ ನೀರನ್ನು ಗಂಗೆಯದೆಂದು ಪ್ರೋಕ್ಷಿಸಿಕೊಂಡು ಶುದ್ಧನಾದವನನ್ನೂ ಪಂಚದಶಿ ಇದೇ ಸಾಲಿನಲ್ಲಿ ನಿಲ್ಲಿಸುತ್ತದೆ. ವಿದ್ಯಾರಣ್ಯರ ಉದ್ದೇಶ ಭ್ರಮೆಯ ನಿಂದೆಯಲ್ಲ. ನಿರ್ಗುಣ ತತ್ತ್ವದ ಉಪಾಸನೆ ಸಾಕ್ಷಾತ್ ಜ್ಞಾನವಲ್ಲದಿದ್ದರೂ ಪಕ್ವವಾದಾಗ ಜ್ಞಾನದ ಫಲವನ್ನೇ ಕೊಡಬಲ್ಲದೆಂದು ತೋರಿಸುವುದು.

ಜ್ಞಾನ ಸತ್ಯವೋ ಅಲ್ಲವೋ ಎಂಬುದನ್ನು ಅದರಿಂದ ಹೊರಟ ಪ್ರವೃತ್ತಿಯ ಸಫಲತೆಯಿಂದ ಊಹಿಸಬೇಕೆಂಬ ನೈಯಾಯಿಕರ ನಿಲುವಿಗೆ ಈ ದೃಷ್ಟಾಂತ ಒಂದು ಮುಳ್ಳು, ಏಕೆಂದರೆ ಸಫಲನಾದವನೂ ಭ್ರಾಂತನಾಗಿರಬಹುದೆಂದು ಇದು ಸಾಧಿಸುತ್ತದೆ. ಪುಟ ಚುರುಕಾಯಿತು ಎಂಬುದನ್ನೇ ರೋಗನಿರ್ಣಯದ ರುಜುವಾತಾಗಿ ಮುಂದಿಡುವ ಪ್ರೋಗ್ರಾಮರ್‌ನ ವಾದ ಇದೇ ಮುಳ್ಳಿನ ಮೇಲೆ ನಿಂತಿದೆ. ಆದರೆ ರತ್ನದ ಹಿಂದೆ ಓಡಿದವನಿಗೂ ಮೆಮೊರಿ ಲಿಮಿಟ್ ಏರಿಸಿದವನಿಗೂ ಒಂದು ಭೇದವುಂಟು, ಮತ್ತು ಸಂವಾದಿ ಭ್ರಮೆಯ ಚರ್ಚೆಯನ್ನು ಇಲ್ಲಿಗೆ ತರುವಾಗ ಅದನ್ನು ಮರೆತರೆ ಹೋಲಿಕೆ ಕೆಡುತ್ತದೆ. ರತ್ನವನ್ನು ಕೈಗೆತ್ತಿಕೊಂಡವನಿಗೆ ತಾನು ಮೊದಲು ಕಂಡದ್ದು ಬರಿಯ ಕಾಂತಿ ಎಂಬುದು ಆ ಕ್ಷಣದಲ್ಲಿ ತಿಳಿಯುತ್ತದೆ. ಅವನು ಬಯಸಿದ್ದೂ ಅವನು ತಪ್ಪಾಗಿ ಗ್ರಹಿಸಿದ್ದೂ ಒಂದೇ ವಸ್ತುವಾದ್ದರಿಂದ ಫಲವೇ ಭ್ರಮೆಯನ್ನು ತಿದ್ದುತ್ತದೆ. ಪ್ರೋಗ್ರಾಮರ್ ಬಯಸಿದ್ದು ವೇಗ, ತಪ್ಪಾಗಿ ಗ್ರಹಿಸಿದ್ದು ಕಾರಣ. ವೇಗ ಕೈಗೆ ಬಂದಾಗ ಹುಡುಕಾಟ ನಿಲ್ಲುತ್ತದೆ, ಕಾರಣ ಇದ್ದಲ್ಲೇ ಇರುತ್ತದೆ, ಮತ್ತು ಕಾಂತಿಯನ್ನು ರತ್ನವೆಂದು ತಿಳಿದ ತಿಳಿವು ತಿದ್ದುಪಡಿಯಾಗದೆ ಅನುಭವವೆಂಬ ಹೆಸರಿನಲ್ಲಿ ಗಟ್ಟಿಯಾಗುತ್ತದೆ. ಉಪಾಸನೆ ಪಕ್ವವಾಗಿ ಜ್ಞಾನವಾಗಬಹುದು. ತಪ್ಪಾಗಿ ಓದಿದ ಐಎನ್‌ಐ ಕಡತಕ್ಕೆ ಅಂಥ ಪರಿಪಾಕದ ದಾರಿ ಇದ್ದಂತಿಲ್ಲ.

ಗಟ್ಟಿಯಾದ ಈ ತಿಳಿವು ಮುಂದೆ ಶಬ್ದಪ್ರಮಾಣದ ವೇಷ ತೊಡುತ್ತದೆ. ಶಬ್ದಪ್ರಮಾಣವೆಂದರೆ ಆಪ್ತನ ಮಾತಿನಿಂದ ಬರುವ ಜ್ಞಾನ, ಮತ್ತು ಆಪ್ತನೆಂದರೆ ವಸ್ತುವನ್ನು ಇದ್ದಂತೆ ಕಂಡು, ಕಂಡಂತೆ ತಿಳಿಸಬಯಸುವವನು. 512 ಎಂಬ ಸಂಖ್ಯೆ ಒಂದು ಸರ್ವರಿನ ಕಡತದಿಂದ ಮುಂದಿನ ಸರ್ವರಿನ ಕಡತಕ್ಕೆ ನಕಲಾಗುತ್ತ ಹೋಗುತ್ತದೆ. ಅದನ್ನು ಮೊದಲು ಬರೆದವನು ಸುಳ್ಳುಗಾರನಲ್ಲ, ತಿಳಿಸಬೇಕೆಂಬ ಇಚ್ಛೆ ಅವನಲ್ಲಿ ಇತ್ತು, ಕಂಡದ್ದು ಮಾತ್ರ ಕತ್ತೆಯನ್ನು. ಅನಗತ್ಯವಾಗಿ ಏರಿದ ಮಿತಿ ನಿರುಪದ್ರವಿಯೂ ಅಲ್ಲ: ಮಿತಿಮೀರಿ ಮೆಮೊರಿ ನುಂಗುವ ಹಲವು ಸ್ಕ್ರಿಪ್ಟುಗಳು ಒಂದೇ ಹೊತ್ತಿಗೆ ಓಡಿದರೆ ಯಂತ್ರದ ಮೆಮೊರಿಯೇ ಬರಿದಾಗಿ, ಮೊದಲು ಇಲ್ಲದಿದ್ದ ನಿಧಾನವೊಂದು ಹುಟ್ಟಿಕೊಳ್ಳುತ್ತದೆ. ಆಗ ಮತ್ತೊಬ್ಬನು ಬಂದು ಮಿತಿಯನ್ನು ಇನ್ನಷ್ಟು ಏರಿಸಿ ರೀಸ್ಟಾರ್ಟ್ ಮಾಡುತ್ತಾನೆ.

ಸಂಶಯ ಎಲ್ಲಿಯವರೆಗೆ ಸಾಗಬೇಕೆಂಬ ಪ್ರಶ್ನೆಗೆ ಉದಯನಾಚಾರ್ಯನು ನ್ಯಾಯಕುಸುಮಾಂಜಲಿಯಲ್ಲಿ ವ್ಯಾಘಾತವೇ ಅದರ ಎಲ್ಲೆ ಎಂದ, ಅಂದರೆ ಸಂಶಯಿಸುವವನ ಸ್ವಂತ ನಡತೆಗೇ ವಿರೋಧ ಬರುವಲ್ಲಿ ಸಂಶಯ ನಿಲ್ಲುತ್ತದೆ. ಹಸಿವು ನೀಗಲು ಅನ್ನವನ್ನೇ ಹುಡುಕುವವನು ಅನ್ನಕ್ಕೂ ತೃಪ್ತಿಗೂ ಸಂಬಂಧವಿಲ್ಲವೆಂದು ಪ್ರಾಮಾಣಿಕವಾಗಿ ಶಂಕಿಸಲಾರ. ಶ್ರೀಹರ್ಷನು ಖಂಡನಖಂಡಖಾದ್ಯದಲ್ಲಿ ಆ ಮಾತನ್ನೇ ತಿರುಗಿಸಿ, ವ್ಯಾಘಾತವಿರಬೇಕಾದರೆ ಸಂಶಯವೂ ಇರಲೇಬೇಕು, ಹಾಗಿರುವಾಗ ಅದು ಸಂಶಯದ ಎಲ್ಲೆ ಹೇಗಾದೀತು ಎಂದು ಕೇಳಿದ. ಈ ವಾಗ್ವಾದದಲ್ಲಿ ಯಾರು ಗೆದ್ದರೂ, ಓಡುತ್ತಿರುವ ಸರ್ವರಿನಲ್ಲಿ ಸಂಶಯಕ್ಕೆ ಎಲ್ಲೆ ಹಾಕುವುದು ವ್ಯಾಘಾತವಲ್ಲ. ಮೆಮೊರಿ ಲಿಮಿಟ್ಟಿನ ಆ ಹಳೆಯ ಸಾಲನ್ನು ಅಳಿಸಿ, ಬೇರೇನನ್ನೂ ಮುಟ್ಟದೆ ರೀಸ್ಟಾರ್ಟ್ ಮಾಡಿ ನೋಡಿದರೆ ವ್ಯತಿರೇಕ ಪೂರ್ಣವಾಗುತ್ತದೆ, ಕೆಲಸ ಐದು ನಿಮಿಷದ್ದು. ಆದರೆ ಗ್ರಾಹಕರು ಬಳಸುತ್ತಿರುವ ಯಂತ್ರದ ಮೇಲೆ ಅದನ್ನು ಮಾಡಲು ಯಾರೂ ಮುಂದಾಗುವುದಿಲ್ಲ, ಮತ್ತು ‘ತೆಗೆಯಬೇಡಿ’ ಎಂದಷ್ಟೇ ಟಿಪ್ಪಣಿ ಇರುವ ಆ ಸಾಲು ಹೊಸ ಯಂತ್ರಕ್ಕೆ ಹಾಗೆಯೇ ನಕಲಾಗುತ್ತದೆ.