ನೆರೆಯವರನ್ನು ಬಣ್ಣಿಸುವ ಹೊಣೆ

ನೆರೆಯವರ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ನಾವೆಲ್ಲರೂ ಬಾಲ್ಯದಲ್ಲೇ ಕಂಠಪಾಠ ಮಾಡಿದ್ದೇವೆ. ಕಟಕಟೆಯಲ್ಲಿ ನಿಂತು ಸುಳ್ಳಾಡುವವರು ನಮ್ಮಲ್ಲಿ ವಿರಳ. ಆದರೆ ‘ಆ ಜನರೇ ಹಾಗೆ’ ಎಂಬ ಒಂದೇ ಮಾತಿನಿಂದ ಇಡೀ ಸಮುದಾಯದ ಮೇಲೆ ತೀರ್ಪು ಕೊಡದವರು ಎಷ್ಟು ಮಂದಿ? ಕಂಡದ್ದನ್ನೇ ಹೇಳಿದರೂ, ನಾನು ಕಂಡದ್ದಷ್ಟೇ ಪೂರ್ಣಸತ್ಯವೆಂಬಂತೆ ಹೇಳಿದರೆ ಅದೂ ಒಂದು ಬಗೆಯ ಸುಳ್ಳುಸಾಕ್ಷಿಯೇ ಅಲ್ಲವೇ?

ನಮ್ಮ ಕಾಲದಲ್ಲಿ ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟವರಲ್ಲಿ ಪ್ರಮುಖರು ಎಡ್ವರ್ಡ್ ಸಯೀದ್. 1935ರಲ್ಲಿ ಜೆರುಸಲೇಮಿನ ಆಂಗ್ಲಿಕನ್ ಕ್ರೈಸ್ತ ಕುಟುಂಬವೊಂದರಲ್ಲಿ ಹುಟ್ಟಿದ ಈ ಪ್ಯಾಲೆಸ್ತೀನಿ ಬಾಲಕ, 1947ರ ಕೊನೆಯಲ್ಲಿ, ಹನ್ನೆರಡರ ಹರೆಯದಲ್ಲಿ ಹುಟ್ಟೂರನ್ನು ತೊರೆಯಬೇಕಾಯಿತು. ಮುಂದೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಸಾಹಿತ್ಯದ ಪ್ರಾಧ್ಯಾಪಕರಾದರು. ಪಾಶ್ಚಾತ್ಯರು ಪೂರ್ವದೇಶಗಳನ್ನು ಬಣ್ಣಿಸಿದ ಬಗೆಗೂ ಅವುಗಳನ್ನು ಆಳಿದ ಬಗೆಗೂ ನಂಟಿದೆಯೆಂದು 1978ರ ತಮ್ಮ ‘ಓರಿಯಂಟಲಿಸಂ’ ಗ್ರಂಥದಲ್ಲಿ ವಾದಿಸಿದರು. ರಕ್ತದ ಕ್ಯಾನ್ಸರಿನಿಂದ ಬಳಲುತ್ತಲೇ ಅವರು ನೀಡಿದ ಸುದೀರ್ಘ ಸಂದರ್ಶನವು, 2003ರಲ್ಲಿ ಅವರು ತೀರಿಕೊಂಡ ಬಳಿಕ, ‘ಕೊನೆಯ ಸಂದರ್ಶನ’ವೆಂಬ ಸಾಕ್ಷ್ಯಚಿತ್ರವಾಗಿ ಹೊರಬಂದಿತು. ತನ್ನವರ ಕಥೆಯನ್ನು ಇತರರೇ ಹೇಳುತ್ತಿರುವುದನ್ನು ಜೀವಮಾನವಿಡೀ ಕೇಳಬೇಕಾದವನ ನೋವು ಸಯೀದರ ಬಾಳಿನುದ್ದಕ್ಕೂ ಇತ್ತು.

ಇದು ದೂರದ ಜೆರುಸಲೇಮಿನ ಮಾತೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅಬ್ಬೆ ದುಬುವಾ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಹಳೆಯ ದೇವಾಲಯವಿದೆ. ಆ ಗುರುಗಳೂ ದೇಶಬಿಟ್ಟು ಬಂದವರೇ. ಫ್ರಾನ್ಸಿನ ಕ್ರಾಂತಿಯ ಭೀಕರತೆಯಿಂದ ಪಾರಾಗಿ 1792ರಲ್ಲಿ ಭಾರತದತ್ತ ಹೊರಟರು. ಕ್ರಾಂತಿಯ ಪ್ರಮಾಣವಚನ ಸ್ವೀಕರಿಸದ ಗುರುಗಳೆಲ್ಲರೂ ದೇಶದ ಶತ್ರುಗಳೆಂದು ಅಲ್ಲಿ ಸಾರಾಸಗಟಾಗಿ ಎಣಿಸಲಾಗುತ್ತಿದ್ದ ಕಾಲವದು.

1799ರಲ್ಲಿ ಟಿಪ್ಪುಸುಲ್ತಾನನ ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ದುಬುವಾ ಶ್ರೀರಂಗಪಟ್ಟಣಕ್ಕೆ ಬಂದರು. ಈ ನೆಲದ ಉಡುಗೆ ತೊಟ್ಟು, ರುಮಾಲು ಸುತ್ತಿ, ಮಾಂಸಾಹಾರ ತ್ಯಜಿಸಿ ಇಲ್ಲಿನವರಂತೆಯೇ ಬಾಳಿದರು. ಜನ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬಿನ ಲಸಿಕೆಗೆ ಜನ ಅಂಜುತ್ತಿದ್ದಾಗ ಅವರ ಮನವೊಲಿಸಿದರು; 1803-04ರಲ್ಲಿ 25,432 ಮಂದಿ ಲಸಿಕೆ ಪಡೆದರೆಂಬ ದಾಖಲೆ ಉಳಿದಿದೆ.

ಇದೇ ಮಹನೀಯರು ಹಿಂದೂಗಳ ಆಚಾರವಿಚಾರಗಳನ್ನು ಕುರಿತು ಬೃಹತ್ ಗ್ರಂಥವನ್ನೂ ಬರೆದರು. ಈಸ್ಟ್ ಇಂಡಿಯಾ ಕಂಪೆನಿಯು ಅದರ ಹಸ್ತಪ್ರತಿಯನ್ನು 1807ರಲ್ಲಿ 2,000 ವರಹಗಳಿಗೆ ಕೊಂಡಿತು. ಆಳಬೇಕಾದ ಜನರನ್ನು ಅರಿಯಲು ಅಧಿಕಾರಿಗಳಿಗೆ ನೆರವಾಗಲೆಂಬುದು ಅದರ ಎಣಿಕೆ. ಗ್ರಂಥದಲ್ಲಿ ಅಮೂಲ್ಯ ವಿವರಗಳಿವೆ. ಜೊತೆಗೆ ಇಡೀ ಜನತೆಯ ಸ್ವಭಾವವನ್ನು ಕುರಿತ ಕಠೋರ ತೀರ್ಪುಗಳೂ ಇವೆ. ಅದರ ಬಹುಭಾಗಕ್ಕೆ ಹಿಂದಿನ ತಲೆಮಾರಿನ ಯೇಸುಸಭೆಯ ಗುರು ಕೂರ್ದೂ ಅವರ ಬರಹವೇ ಆಧಾರವೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ಸ್ವಂತ ಕಣ್ಣಿನ ಸಾಕ್ಷಿಯೆಂದು ಲೋಕ ನಂಬಿದ ಎಷ್ಟೋ ಮಾತು ಹೀಗೆ ಬೇರೊಬ್ಬರು, ಬೇರೊಂದು ಸೀಮೆಯಲ್ಲಿ ಕಂಡದ್ದಾಗಿತ್ತು.

ಓದುಗರೇ, ಲಸಿಕೆಗಾಗಿ ಮನೆಮನೆಯನ್ನು ಒಪ್ಪಿಸಿದವರೂ, ಲೇಖನಿ ಹಿಡಿದು ತೀರ್ಪಿತ್ತವರೂ ಒಬ್ಬರೇ ಎಂಬುದನ್ನು ಗಮನಿಸಿ. ರೋಗದ ಎದುರಿನಲ್ಲಿ ಅವರಿಗೆ ಒಬ್ಬ ತಾಯಿ, ಒಂದು ಮಗು ಕಂಡಿತು. ಹಾಳೆಯ ಎದುರಿನಲ್ಲಿ ಬರಿಯ ‘ಜಾತಿ’, ‘ಜನಾಂಗ’ಗಳು ಕಂಡವು. ‘ಗುರುಗಳೆಲ್ಲ ಹೀಗೆ’ ಎಂಬ ಸಾಮೂಹಿಕ ತೀರ್ಪಿನ ನಾಡಿನಿಂದ ಓಡಿಬಂದವರೂ ಸಾಮೂಹಿಕ ತೀರ್ಪನ್ನೇ ಬರೆದರು. ಗಡಿಪಾರಿನ ನೋವು ತಾನೇ ತಾನಾಗಿ ಯಾರನ್ನೂ ನ್ಯಾಯವಂತರನ್ನಾಗಿಸುವುದಿಲ್ಲ. ಸಯೀದರೂ ಪಾಶ್ಚಾತ್ಯ ವಿದ್ವಾಂಸರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆಂಬ ಆಕ್ಷೇಪಣೆಯಿದೆ. ಅಷ್ಟು ಸೂಕ್ಷ್ಮಮತಿಗಳೂ ಎಡವಬಹುದಾದ ದಾರಿಯಿದು.

ಇದರಿಂದ ದುಬುವಾ ಅವರ ಸೇವೆ ಕಿರಿದಾಗದು. ಅವರನ್ನು ಗೌರವಿಸುತ್ತಲೇ ಅವರ ಗ್ರಂಥವನ್ನು ಪ್ರಶ್ನಿಸುವುದು ಕೃತಘ್ನತೆಯೂ ಅಲ್ಲ. ಸತ್ಯದ ವಿಷಯದಲ್ಲಿ ಹಿರಿಯರಿಗೆ ರಿಯಾಯಿತಿ ತೋರಿದರೆ, ನಾಳೆ ನಮ್ಮ ಮಾತಿಗೂ ಅದೇ ರಿಯಾಯಿತಿಯನ್ನು ಬೇಡುತ್ತೇವೆ.

ನಮ್ಮ ಬಳಿ ಹಸ್ತಪ್ರತಿಯಿಲ್ಲ, ಅದನ್ನು ಕೊಳ್ಳುವ ಕಂಪೆನಿಯೂ ಇಲ್ಲ. ಆದರೆ ಊಟದ ಮಣೆಯಿದೆ, ಕೇಳುವ ಮಕ್ಕಳ ಕಿವಿಗಳಿವೆ. ಕಬ್ಬಿನ ಕಟಾವಿಗೆಂದು ಹೊರಸೀಮೆಯಿಂದ ಬಂದು ಗದ್ದೆಯಂಚಿನಲ್ಲಿ ಗುಡಿಸಲು ಹಾಕಿಕೊಂಡವರನ್ನು ಕುರಿತು, ಅನ್ಯಧರ್ಮದ ನೆರೆಮನೆಯವರನ್ನು ಕುರಿತು ಅಲ್ಲಿ ನಾವಾಡುವ ಮಾತೇ ನಮ್ಮ ಮಕ್ಕಳು ಓದುವ ಮೊದಲ ಗ್ರಂಥ.

ನಜರೇತಿನಿಂದ ಒಳ್ಳೆಯದೇನು ಬಂದೀತೆಂದು ನತಾನಿಯೇಲನು ಒಂದು ಊರನ್ನೇ ತಳ್ಳಿಹಾಕಿದಾಗ, ಫಿಲಿಪ್ಪನು ವಾದಕ್ಕಿಳಿಯಲಿಲ್ಲ; ಬಂದು ನೋಡೆಂದು ಕರೆದ. ನತಾನಿಯೇಲನು ಎದ್ದು ಹೋದ. ಪ್ರಭುವನ್ನು ಕಂಡದ್ದು ಆ ಮೇಲೆ.