ಹಗೆಯ ನೆರೆಯವನೂ ನೀರಿನ ಪಾಲೂ

ನಮಗೆ ಕೇಡು ಬಗೆಯುವ ನೆರೆಯವನಿಗೂ ನೀರಿನ ಪಾಲು ಸಲ್ಲಬೇಕೆ? ಪಿತಾಮಹ ಇಸಾಕನನ್ನೂ ಕಾಡಿದ ಪ್ರಶ್ನೆಯಿದು. ಆದಿಕಾಂಡದ 26ನೆಯ ಅಧ್ಯಾಯವನ್ನು ತೆರೆದು ನೋಡಿ. ಅವನ ಆಳುಗಳು ಬಾವಿ ತೋಡಿದಾಗ ಗೆರಾರಿನ ದನಗಾಹಿಗಳು ನೀರು ತಮ್ಮದೆಂದು ಜಗಳಕ್ಕೆ ಬಂದರು. ಎರಡನೆಯ ಬಾವಿಗೂ ಅದೇ ಗತಿಯಾಯಿತು.

ನಮ್ಮ ಸಿಂಧೂ ನದಿಯ ಕಥೆಯೂ ಹೀಗೆಯೇ ಆರಂಭವಾಯಿತು. 1947ರ ವಿಭಜನೆಯಲ್ಲಿ ಮಾಧೋಪುರ, ಫಿರೋಜ್‌ಪುರಗಳ ಅಣೆಗಳು ಭಾರತದಲ್ಲಿ ಉಳಿದವು. ಅವುಗಳಿಂದ ನೀರು ಪಡೆಯುತ್ತಿದ್ದ ಹೊಲಗಳಲ್ಲಿ ಹಲವು ಪಾಕಿಸ್ತಾನಕ್ಕೆ ಸೇರಿದವು. 1948ರ ಏಪ್ರಿಲ್ 1ರಂದು ಪೂರ್ವ ಪಂಜಾಬ್ ಆ ನೀರನ್ನು ತಡೆಯಿತು. ಮೇ 4ರಂದು ದೆಹಲಿಯಲ್ಲಿ ತಾತ್ಕಾಲಿಕ ಒಡಂಬಡಿಕೆಯಾಯಿತು. ಮುಂದೆ ವಿಶ್ವಬ್ಯಾಂಕಿನ ಮಧ್ಯಸ್ಥಿಕೆಯಲ್ಲಿ ವರ್ಷಗಟ್ಟಲೆ ಮಾತುಕತೆ ನಡೆದು, 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ಜವಾಹರಲಾಲ್ ನೆಹರೂ ಮತ್ತು ಅಯೂಬ್ ಖಾನ್ ಒಪ್ಪಂದಕ್ಕೆ ಸಹಿ ಹಾಕಿದರು. ರಾವಿ, ಬಿಯಾಸ್, ಸಟ್ಲೆಜ್ ಭಾರತದ ಪಾಲಾದವು. ಸಿಂಧೂ, ಝೇಲಂ, ಚಿನಾಬ್ ನದಿಗಳ ನೀರಿನ ಬಹುಪಾಲು ಪಾಕಿಸ್ತಾನಕ್ಕೆ ಸಂದಿತು. 1965, 1971, 1999ರ ಯುದ್ಧಗಳಲ್ಲೂ ಆ ಮಾತು ಮುರಿಯಲಿಲ್ಲ. ಸ್ನೇಹಿತರ ನಡುವೆ ಬರಹದ ಅಗತ್ಯ ಕಡಿಮೆ. ನಂಬಿಕೆ ಕುಸಿದಲ್ಲಿಯೇ ಒಪ್ಪಂದಕ್ಕೆ ಬೆಲೆ.

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿ ಉಗ್ರರ ಗುಂಡಿಗೆ ಬಲಿಯಾದರು. ಮರುದಿನವೇ ಭಾರತವು ಒಪ್ಪಂದವನ್ನು ಅಮಾನತಿನಲ್ಲಿಡುವುದಾಗಿ ಘೋಷಿಸಿತು. ರಕ್ತ ಹರಿಸುವವರಿಗೆ ನೀರು ಹರಿಸಬೇಕೆ ಎಂಬ ನೊಂದವರ ಮಾತನ್ನು ಹಗುರವಾಗಿ ಕಾಣಲಾಗದು. ಪ್ರಜೆಗಳ ಪ್ರಾಣರಕ್ಷಣೆ ರಾಷ್ಟ್ರದ ಧರ್ಮ. ಆದರೂ ಕ್ರೈಸ್ತ ಮನಸ್ಸಾಕ್ಷಿ ಇನ್ನೊಂದನ್ನು ಕೇಳಲೇಬೇಕು: ಗುಂಡು ಹಾರಿಸಿದವನೂ ನದಿಯ ಕೆಳಗಿನ ಬಯಲಿನಲ್ಲಿ ಗೋಧಿ ಬಿತ್ತುವವನೂ ಒಬ್ಬನೇ ಏನು? ಅಪರಾಧಿಯನ್ನು ದಂಡಿಸುವುದು ನ್ಯಾಯ. ನಿರಪರಾಧಿಯ ಬಾಯಾರಿಕೆಯನ್ನೇ ದಂಡವಾಗಿಸಿದರೆ ನ್ಯಾಯವು ತನ್ನ ಎಲ್ಲೆಯನ್ನು ಮೀರುತ್ತದೆ. ದೇವರ ಮಳೆ ಸಜ್ಜನರ ಹೊಲವನ್ನಷ್ಟೇ ಆರಿಸಿ ಸುರಿಯುವುದಿಲ್ಲವೆಂದು ಪ್ರಭು ಯೇಸು ಬೋಧಿಸಿದರಲ್ಲವೇ?

ಇಸಾಕನ ಕಥೆಯ ಕೊನೆಯನ್ನು ಗಮನಿಸಿ. ತನ್ನನ್ನು ಹೊರಗಟ್ಟಿದ್ದ ಅರಸ ಅಬೀಮೆಲೆಕನು ಒಪ್ಪಂದ ಬೇಡಿ ಬಂದಾಗ ಇಸಾಕನು ಹಳೆಯ ಅನ್ಯಾಯವನ್ನು ಮುಚ್ಚಿಡಲಿಲ್ಲ, ಎದುರಿಗೇ ಪ್ರಶ್ನಿಸಿದನು. ಬಳಿಕ ಔತಣವಿಕ್ಕಿ, ಮರುದಿನ ಮುಂಜಾನೆ ಪ್ರಮಾಣ ಮಾಡಿದನು. ಅದೇ ದಿನ ಅವನ ಆಳುಗಳು ಬಾವಿಯಲ್ಲಿ ನೀರು ಕಂಡ ಸುದ್ದಿಯನ್ನು ತಂದರು.

ರಾಷ್ಟ್ರಗಳ ತೀರ್ಮಾನ ನಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ಅಣ್ಣತಮ್ಮಂದಿರ ಪಾಲಿನ ಬಾವಿ ನಮ್ಮ ತೋಟಗಳಲ್ಲೂ ಉಂಟು. ಮನಸ್ತಾಪ ಬಂದ ದಿನ ಪಂಪಿನ ಸ್ವಿಚ್ಚು ನಮ್ಮ ಕೈಯಲ್ಲೇ ಇರುತ್ತದೆ. ಆ ದಿನ ನ್ಯಾಯವನ್ನು ಕೇಳುವ ಧೈರ್ಯವನ್ನೂ ನೀರನ್ನು ತಡೆಯದ ಕರುಣೆಯನ್ನೂ ದೇವರು ನಮಗೆ ದಯಪಾಲಿಸಲಿ.