ವೇಗದ ಮರ್ಯಾದೆ



ನಮ್ಮ ಕಡೆ ರಸ್ತೆ ಬದಿಯ ಫಲಕಗಳು ಮರಾಠಿಯಲ್ಲಿರುತ್ತವೆ. ಕೆಲವು ಫಲಕಗಳ ಮೇಲೆ ‘ವೇಗಮರ್ಯಾದಾ’ ಎಂದು ಬರೆದು ಕೆಳಗೆ ಒಂದು ಅಂಕಿ ಹಾಕಿರುತ್ತಾರೆ. ಮರಾಠಿ ಓದುವವರಿಗೆ ಅರ್ಥ ಸರಳ: ಇಷ್ಟೇ ವೇಗ, ಇದಕ್ಕಿಂತ ಹೆಚ್ಚು ಬೇಡ. ಆದರೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮ್ಮಂಥವರ ಕಿವಿಗೆ ಅದು ಇನ್ನೊಂದು ರೀತಿಯಲ್ಲೂ ಕೇಳಿಸುತ್ತದೆ. ನಮಗೆ ಮರ್ಯಾದೆ ಎಂದರೆ ಗೌರವ. ಹಿರಿಯರಿಗೆ, ಮನೆಗೆ ಬಂದವರಿಗೆ ನಾವು ಕೊಡುವಂಥದ್ದು. ಎರಡೂ ಒಂದೇ ಮೂಲದ ಶಬ್ದಗಳು. ಒಂದು ಭಾಷೆ ಎಲ್ಲೆಯನ್ನು ಹಿಡಿದುಕೊಂಡಿತು, ಇನ್ನೊಂದು ಗೌರವವನ್ನು. ಮನೆಗಳಿರುವ ರಸ್ತೆಗಳಲ್ಲಿ ವೇಗದ ಮಿತಿಯನ್ನು ಇಳಿಸಬೇಕೋ ಬೇಡವೋ ಎಂಬ ಚರ್ಚೆಗೆ ಈ ಎರಡು ಅರ್ಥಗಳೂ ಬೇಕು ಎಂದು ನನಗೆ ಅನಿಸುತ್ತದೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಪೂಜೆಗೆ ಹೊತ್ತಾಗಿತ್ತು. ಮೋಟರ್ ಸೈಕಲ್ ಮೇಲೆ ಹಿಂದೆ ಹೆಂಡತಿ, ಮುಂದೆ ಟಾಂಕಿಯ ಮೇಲೆ ಮೊಮ್ಮಗ. ನಿಲಂಗಾ ಕಡೆಯ ಒಂದು ಹಳ್ಳಿಯ ನಡುವೆ ಹಾದು ಹೋಗುತ್ತಿದ್ದೆವು. ಚೆಂಡಿನ ಹಿಂದೆ ಒಬ್ಬ ಹುಡುಗ ಓಡಿ ಬಂದ. ಬ್ರೇಕ್ ಹಾಕಿದೆ. ಗಾಡಿ ಜಾರಿ, ಅಡ್ಡ ತಿರುಗಿ, ಅವನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದ ಅಜ್ಜಿಯೊಬ್ಬಳು ತಲೆಯೆತ್ತಿ, “ಯಾಕಪ್ಪಾ, ಇಷ್ಟ್ಯಾಕ ಅವಸರ? ನಮ್ಮ ಊರಾಗ ಮಂದಿ ಇಲ್ಲೇನು?” ಎಂದು ಕೇಳಿದಳು. “ಏನೂ ಆಗಿಲ್ಲಲ್ಲ ಬೇ ಯವ್ವಾ” ಎಂದು ಹೇಳಿ ಗಾಡಿ ಚಾಲೂ ಮಾಡಿದೆ. ಮೊದಲ ವಾಚನದ ಹೊತ್ತಿಗೆ ಗುಡಿ ಮುಟ್ಟಿದೆವು. ಅಂದು ಏನು ಓದಿದರೋ ನನ್ನ ತಲೆಗೆ ಹೋಗಲಿಲ್ಲ.

ಆಮೇಲೆ ಲೆಕ್ಕ ಹಾಕಿ ನೋಡಿದೆ. ಆ ಹಳ್ಳಿಯೊಳಗಿನ ರಸ್ತೆ ಅರ್ಧ ಕಿಲೋಮೀಟರ್ ಇರಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದನ್ನು ದಾಟಲು 30 ಸೆಕೆಂಡು ಬೇಕು. 30 ಕಿ.ಮೀ. ವೇಗದಲ್ಲಿ 60 ಸೆಕೆಂಡು. ನಾನು ಉಳಿಸಹೊರಟದ್ದು ಅರ್ಧ ನಿಮಿಷ. ಅದಕ್ಕಾಗಿ ಪಣಕ್ಕಿಟ್ಟದ್ದು ನನ್ನದಲ್ಲದ ಒಂದು ಮಗು.

ಈ ಲೆಕ್ಕದ ಇನ್ನೊಂದು ಭಾಗವನ್ನೂ ನೋಡೋಣ. 30ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 8 ಮೀಟರ್ ಓಡುತ್ತದೆ, 60ರಲ್ಲಿ ಸುಮಾರು 17 ಮೀಟರ್. ಮಗುವನ್ನು ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡು ಬೇಕು ಎನ್ನಿ. ರಸ್ತೆ ಒಣಗಿದ್ದು ಬ್ರೇಕ್ ಚೆನ್ನಾಗಿದ್ದರೆ, 30ರಲ್ಲಿ ಬರುವವನು ಸುಮಾರು 13 ಮೀಟರ್‌ನಲ್ಲಿ ನಿಲ್ಲುತ್ತಾನೆ. 60ರಲ್ಲಿ ಬರುವವನಿಗೆ 36 ಮೀಟರ್ ಬೇಕು. ಅಂದರೆ ಮೊದಲನೆಯವನು ಪೂರ್ತಿ ನಿಂತ ಜಾಗದಲ್ಲಿ ಎರಡನೆಯವನು ಇನ್ನೂ ಬ್ರೇಕನ್ನೇ ಮುಟ್ಟಿರುವುದಿಲ್ಲ. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇದು ಶಾಲೆಯ ವಿಜ್ಞಾನ. ಯಾರ ಕೌಶಲ್ಯಕ್ಕೂ, ಯಾರ ಹಣೆಬರಹಕ್ಕೂ ಬಗ್ಗುವುದಿಲ್ಲ.

ಈಗ ಕಾನೂನಿನ ಮಾತು. 2018ರ ಏಪ್ರಿಲ್ 6ರ ಕೇಂದ್ರ ಸರ್ಕಾರದ ಅಧಿಸೂಚನೆಯ ಪ್ರಕಾರ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ 100 ಕಿ.ಮೀ. ವರೆಗೆ ಅವಕಾಶವಿದೆ. ಪಟ್ಟಣದ ಎಲ್ಲೆಯೊಳಗೆ ಕಾರಿಗೆ 70, ಮೋಟರ್ ಸೈಕಲ್ಲಿಗೆ 60, ಮೂರು ಗಾಲಿಯ ವಾಹನಗಳಿಗೆ 50. ಇವು ಗರಿಷ್ಠ ಅಂಕಿಗಳು. 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರ, ಅಥವಾ ಅದು ಅಧಿಕಾರ ಕೊಟ್ಟವರು, ಜನರ ಸುರಕ್ಷತೆಗಾಗಿ ಯಾವುದೇ ರಸ್ತೆಯಲ್ಲಿ ಇನ್ನೂ ಕಡಿಮೆ ಮಿತಿ ಹಾಕಬಹುದು. ದೆಹಲಿಯ ಸಂಚಾರ ಪೊಲೀಸರು 2021ರ ಜೂನ್‌ನಲ್ಲಿ ವಸತಿ ಪ್ರದೇಶ ಮತ್ತು ಮಾರುಕಟ್ಟೆಗಳ ಒಳರಸ್ತೆಗಳಿಗೆ 30 ಕಿ.ಮೀ. ಮಿತಿ ಹಾಕಿದರು. ಅದಕ್ಕೆ ಒಂದು ವರ್ಷ ಮೊದಲು, 2020ರ ಫೆಬ್ರುವರಿಯಲ್ಲಿ, ಸ್ಟಾಕ್‌ಹೋಮ್‌ನಲ್ಲಿ ಸೇರಿದ ರಾಷ್ಟ್ರಗಳ ಸಮ್ಮೇಳನವೂ ಇದನ್ನೇ ಹೇಳಿತ್ತು: ನಡೆಯುವವರು ಮತ್ತು ವಾಹನಗಳು ಬೆರೆಯುವ ಕಡೆ 30ರ ಮಿತಿ ಇರಲಿ.

ಎಲ್ಲರೂ ಇದನ್ನು ಸಂತೋಷದಿಂದ ಒಪ್ಪಿದರೆಂದಲ್ಲ. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಮನೆಗಳಿರುವ ರಸ್ತೆಗಳ ಮಿತಿಯನ್ನು ಗಂಟೆಗೆ 30 ಮೈಲಿಯಿಂದ 20 ಮೈಲಿಗೆ ಇಳಿಸಿದಾಗ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂಬ ಅರ್ಜಿಗೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಇನ್ನೊಂದು ಕಡೆ ಫಿನ್ಲೆಂಡಿನ ಹೆಲ್ಸಿಂಕಿ ಇದೆ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಬೀದಿಗಳಲ್ಲಿ 30ರ ಮಿತಿ. 12 ತಿಂಗಳು ರಸ್ತೆಯಲ್ಲಿ ಒಬ್ಬರೂ ಸಾಯಲಿಲ್ಲವೆಂದು ಆ ನಗರ 2025ರಲ್ಲಿ ಹೇಳಿತು. ನಮ್ಮ ದೇಶದಲ್ಲಿ 2022ನೇ ಇಸವಿ ಒಂದರಲ್ಲೇ ರಸ್ತೆಯಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ಕಾಲ್ನಡಿಗೆಯವರು.

ಅಂಕಿಗಳು ಇಷ್ಟು ಸ್ಪಷ್ಟವಾಗಿದ್ದರೂ ನಮ್ಮ ಮನಸ್ಸು ಯಾಕೆ ಒಪ್ಪುವುದಿಲ್ಲ? ನಾನು ಆ ಅಜ್ಜಿಗೆ ಹೇಳಿದ ಮಾತಿನಲ್ಲೇ ಉತ್ತರವಿದೆ: ಏನೂ ಆಗಿಲ್ಲಲ್ಲ. ದಿನವೂ ವೇಗವಾಗಿ ಹೋಗುತ್ತೇವೆ, ದಿನವೂ ಏನೂ ಆಗುವುದಿಲ್ಲ. ಹೀಗಾಗಿ ತಪ್ಪು ಮಾಡುತ್ತಿಲ್ಲ ಎಂದೇ ನಂಬಿಬಿಡುತ್ತೇವೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ಇಬ್ಬರು ತತ್ತ್ವಚಿಂತಕರು ಇದೇ ಗಂಟನ್ನು ಬಿಚ್ಚಲು ಕುಳಿತರು. ಇಬ್ಬರೂ ಲಾರಿ ಚಾಲಕನ ಉದಾಹರಣೆ ಕೊಟ್ಟರು. ನೇಗೆಲ್ ಹೇಳುವ ಚಾಲಕ ಬ್ರೇಕನ್ನು ಸರಿಯಾಗಿ ನೋಡಿಸಿಲ್ಲ. ದಾರಿಗೆ ಮಗು ಅಡ್ಡ ಬಂದರೆ ಅವನು ಜೀವನವಿಡೀ ತನ್ನನ್ನು ಶಪಿಸಿಕೊಳ್ಳುತ್ತಾನೆ. ಬರದೇ ಹೋದರೆ ಅವನ ಅಲಕ್ಷ್ಯ ಯಾರ ಗಮನಕ್ಕೂ ಬರುವುದಿಲ್ಲ. ಎರಡೂ ಕಡೆ ಅವನು ಮಾಡಿದ್ದು ಒಂದೇ.

ನನಗೆ ಅರ್ಥವಾದದ್ದು ಇಷ್ಟು. ಮಗುವಿಗೂ ಗಾಡಿಗೂ ನಡುವೆ ಉಳಿದ ಆ ಒಂದು ಮೊಳ ನನ್ನ ಪುಣ್ಯದ ಗಳಿಕೆಯಲ್ಲ. ಆ ಹುಡುಗ ಒಂದು ಹೆಜ್ಜೆ ಹೆಚ್ಚು ಓಡಿದ್ದರೆ ನಾನು ಜೈಲಿನಲ್ಲಿ, ಅವನ ತಾಯಿ ಮಣ್ಣಿನ ಪಕ್ಕದಲ್ಲಿ ಇರುತ್ತಿದ್ದೆವು. ನನ್ನ ನಿರ್ಧಾರದ ತೂಕ ಅವನ ಹೆಜ್ಜೆಯಿಂದ ಹೆಚ್ಚುಕಡಿಮೆ ಆಗುವುದಿಲ್ಲ. ಹಳ್ಳಿಯ ಬಾಯಿಗೆ ಬಂದಾಗ ನಾನು ಆಕ್ಸಿಲರೇಟರ್ ಬಿಡಲಿಲ್ಲ. ತಪ್ಪು ಆದದ್ದು ಅಲ್ಲಿ.

ಧರ್ಮಸಭೆಯ ಬೋಧನೆಯೂ ಇದನ್ನು ಹೀಗೆಯೇ ನೋಡುತ್ತದೆ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶದ ಗ್ರಂಥ ಕೊಲ್ಲಬಾರದು ಎಂಬ ಐದನೆಯ ಆಜ್ಞೆಯ ಅಡಿಯಲ್ಲೇ ಕುಡಿತದ ಜೊತೆಗೆ ವೇಗದ ಚಟವನ್ನೂ ಇಟ್ಟಿದೆ. ಅದರಿಂದ ತನ್ನ ಮತ್ತು ಬೇರೆಯವರ ಜೀವವನ್ನು ಅಪಾಯಕ್ಕೆ ಒಡ್ಡುವುದನ್ನೇ ಗಂಭೀರ ದೋಷ ಎನ್ನುತ್ತದೆ. ಸಾವು ಆಗಲೇಬೇಕೆಂದಿಲ್ಲ. 2007ರ ಜೂನ್‌ನಲ್ಲಿ ವ್ಯಾಟಿಕನ್ ವಾಹನ ನಡೆಸುವವರಿಗಾಗಿ ಹತ್ತು ಆಜ್ಞೆಗಳನ್ನು ಕೊಟ್ಟಾಗ ಕೆಲವರು ನಕ್ಕಿದ್ದುಂಟು. ರಸ್ತೆಯ ಮೇಲೆ ದುರ್ಬಲರನ್ನು ಕಾಯಬೇಕು ಎಂಬುದೂ ಅವುಗಳಲ್ಲಿ ಒಂದು.

ಇನ್ನೊಂದು ವಾದವಿದೆ: “ನಮ್ಮ ರಸ್ತೆಯಲ್ಲಿ ಅಪಘಾತವೇ ಆಗಿಲ್ಲ, ಮಿತಿ ಯಾಕೆ?” ಹೌದು, ಆಗಿಲ್ಲ. ಯಾಕೆಂದರೆ ತಾಯಂದಿರು ಮಕ್ಕಳನ್ನು ಒಳಗೆ ಕೂಡಿಹಾಕಿದ್ದಾರೆ. ಇಂಗ್ಲೆಂಡಿನ ಮೇಯರ್ ಹಿಲ್ಮನ್ ಮತ್ತು ಜೊತೆಗಾರರು 1990ರಲ್ಲಿ ಇದನ್ನು ಲೆಕ್ಕಹಾಕಿ ತೋರಿಸಿದರು. 1971ರಲ್ಲಿ ಏಳೆಂಟು ವರ್ಷದ ನೂರು ಮಕ್ಕಳಲ್ಲಿ 80 ಮಕ್ಕಳು ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ಕ್ಕೆ ಆ ಸಂಖ್ಯೆ 9ಕ್ಕೆ ಇಳಿದಿತ್ತು. ನಮ್ಮಲ್ಲೂ ನೋಡಿ. ಓಣಿಯಲ್ಲಿ ಗೋಲಿ ಆಡುವವರು ಕಡಿಮೆಯಾಗಿದ್ದಾರೆ. ಕಟ್ಟೆಯ ಮೇಲೆ ಕಾಲು ಚಾಚಿ ಕೂರುವ ಮುದುಕರು ಕಾಲು ಮಡಚಿಕೊಂಡಿದ್ದಾರೆ. ವೇಗವಾಗಿ ಹೋಗುವವನ ಅರ್ಧ ನಿಮಿಷದ ಬೆಲೆಯನ್ನು ಅವರು ದಿನವೂ ತೆರುತ್ತಿದ್ದಾರೆ. ಅದಕ್ಕೆ ಯಾವ ಪಂಚನಾಮೆಯೂ ಆಗುವುದಿಲ್ಲ.

ವಿರೋಧಿಸುವವರ ಮಾತುಗಳಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಟಂಟಂ ಓಡಿಸುವವನಿಗೆ ದಿನಕ್ಕೆ ಎಷ್ಟು ಫೇರಿ ಹೊಡೆದನೋ ಅಷ್ಟೇ ದುಡಿಮೆ. ಕಬ್ಬಿನ ಸುಗ್ಗಿಯಲ್ಲಿ ಟ್ರ್ಯಾಕ್ಟರಿನವನೂ ಹಾಗೆಯೇ. ಅವನೊಬ್ಬನೇ ನಿಧಾನವಾಗಿ ಹೋದರೆ ಸೀಟುಗಳನ್ನು ಹಿಂದಿನ ಗಾಡಿಯವನು ತುಂಬಿಕೊಳ್ಳುತ್ತಾನೆ. ನಿಜ. ಆದರೆ ಇದೇ ಕಾರಣಕ್ಕೆ ಎಲ್ಲರಿಗೂ ಒಂದೇ ಮಿತಿ ಬೇಕು. ಒಬ್ಬನ ಮನಸ್ಸಾಕ್ಷಿಯ ಮೇಲೆ ಬಿಟ್ಟರೆ ಒಳ್ಳೆಯವನು ಸೋಲುತ್ತಾನೆ. ಎಲ್ಲರೂ ನಿಧಾನವಾದರೆ ಯಾರೂ ಯಾರಿಗೂ ಸೋಲುವುದಿಲ್ಲ.

ಮಿತಿ ಇಳಿಸಿದರೆ ದಂಡದ ನೆಪದಲ್ಲಿ ಬಡವನ ಜೇಬಿಗೆ ಕೈ ಹಾಕುತ್ತಾರೆ ಎಂಬ ಭಯವೂ ಇದೆ. ಅದಕ್ಕೆ ರಸ್ತೆಯ ರಚನೆಯಲ್ಲೇ ಮದ್ದಿದೆ. ನಮ್ಮ ಕಡೆ ಒಂದು ಸಾವು ಆದ ಮೇಲೆ ಸಿಟ್ಟಿಗೆದ್ದ ಜನ ರಾತ್ರೋರಾತ್ರಿ ಚೂಪಾದ ಗತಿರೋಧಕ ಹಾಕುವುದುಂಟು. ಬಣ್ಣವಿಲ್ಲ, ಫಲಕವಿಲ್ಲ. ಕತ್ತಲಲ್ಲಿ ಅದೇ ಇನ್ನೊಬ್ಬನನ್ನು ಬೀಳಿಸುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಗತಿರೋಧಕ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ದುಂಡು ಉಬ್ಬು. 25 ಕಿ.ಮೀ. ವೇಗದಲ್ಲಿ ಅದನ್ನು ಆರಾಮಾಗಿ ದಾಟಬಹುದು. ಅದು ಲಂಚ ಕೇಳುವುದಿಲ್ಲ, ಮುಖ ನೋಡುವುದಿಲ್ಲ.

ರಸ್ತೆಯೇ ವೇಗವನ್ನು ಕಲಿಸುತ್ತದೆ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಕಿಲ್ಲಾರಿ ಮತ್ತು ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರು ಸುತ್ತಿನ ಊರುಗಳು ನೆಲಸಮವಾದವು. ಕಲ್ಲು ಮಣ್ಣಿನ ಗೋಡೆಗಳು ಇಕ್ಕಟ್ಟಾದ ಗಲ್ಲಿಗಳ ಮೇಲೆ ಉರುಳಿದವು. ಆಮೇಲೆ ಕಟ್ಟಿಕೊಟ್ಟ ಹೊಸ ಊರುಗಳಲ್ಲಿ ಮನೆಗಳನ್ನು ದೂರ ದೂರ ಇಟ್ಟು, ನೇರವಾದ ಅಗಲ ರಸ್ತೆಗಳನ್ನು ಹಾಕಿದರು. ಹಳೆಯ ಸೊಟ್ಟ ಗಲ್ಲಿಯಲ್ಲಿ ಯಾರೂ ಓಡಿಸಲಾಗುತ್ತಿರಲಿಲ್ಲ. ಹೊಸ ನೇರ ರಸ್ತೆ ಗಾಡಿಯನ್ನು ‘ಬಾ, ಓಡು’ ಎಂದು ಕರೆಯುತ್ತದೆ. ಉಮರ್ಗಾದಲ್ಲೂ ಅಷ್ಟೆ. ಸೋಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಒಂದು ತಾಸು ಓಡಿಸಿ ಊರೊಳಗೆ ತಿರುಗಿದವನಿಗೆ 60 ಎಂದರೆ ನಿಂತಂತೆಯೇ ಅನಿಸುತ್ತದೆ. ಅವನ ಮೈಯಲ್ಲಿ ಇನ್ನೂ ಹೆದ್ದಾರಿ ಇರುತ್ತದೆ. ಅದನ್ನು ಇಳಿಸಲು ಒಂದು ಫಲಕ, ಒಂದು ಉಬ್ಬು ಬೇಕು.

ಕೊನೆಗೆ ನಮ್ಮದೇ ವಿಷಯ. ನಾವು ಉಮರ್ಗಾ, ನಿಲಂಗಾ, ಉದಗೀರ ಸುತ್ತ ಚದುರಿಹೋದ ಸಣ್ಣ ಸಮುದಾಯ. ಪೂಜೆಗೆ ದೂರದಿಂದ ಬರಬೇಕು, ಬೇರೆಯವರ ಎಷ್ಟೋ ಊರುಗಳನ್ನು ಹಾದು ಬರಬೇಕು. ನಮ್ಮ ಓಣಿಯಲ್ಲಿ ಯಾರಾದರೂ ವೇಗವಾಗಿ ಹೋದರೆ ಬೈಯುತ್ತೇವೆ. ನಮ್ಮನ್ನು ಯಾರೂ ಗುರುತಿಸದ ಊರಿನಲ್ಲಿ ನಾವೇ ವೇಗವಾಗಿ ಹೋಗುತ್ತೇವೆ. ಎಣಿಕೆಗೆ ಬರದಷ್ಟು ಕಡಿಮೆ ಇರುವುದು ಹೇಗಿರುತ್ತದೆ ಎಂದು ನಮಗೆ ಗೊತ್ತು. ಫಲಕದಲ್ಲಿ ನಮ್ಮ ಭಾಷೆ ಇಲ್ಲದಾಗ, ಸಭೆಯಲ್ಲಿ ನಮ್ಮನ್ನು ಕೇಳದೇ ಹೋದಾಗ, ನಾವೂ ಮನಸ್ಸಿನಲ್ಲಿ ಆ ಅಜ್ಜಿಯ ಮಾತನ್ನೇ ಆಡುತ್ತೇವೆ: ಇಲ್ಲಿ ಮಂದಿ ಇಲ್ಲೇನು? ಅದನ್ನೇ ಇನ್ನೊಬ್ಬರು ನಮ್ಮನ್ನು ಕೇಳುವಂತೆ ಮಾಡಬಾರದು.

ಗ್ರಾಮಸಭೆ ಸೇರಿದಾಗ, ನಗರಪರಿಷತ್ತಿಗೆ ಅರ್ಜಿ ಬರೆಯುವಾಗ, ಶಾಲೆ ಮತ್ತು ಮನೆಗಳ ಮುಂದಿನ ರಸ್ತೆಗೆ 30ರ ಮಿತಿ ಮತ್ತು ಸರಿಯಾದ ಗತಿರೋಧಕ ಬೇಕೆಂದು ನೆರೆಯ ಮರಾಠಿ, ಉರ್ದು, ತೆಲುಗು ಬಂಧುಗಳ ಜೊತೆ ಸೇರಿ ಕೇಳೋಣ. ಎಲ್ಲ ಮನೆಗಳಲ್ಲೂ ಮಕ್ಕಳಿದ್ದಾರೆ. ಮಿತಿ ಬರುವವರೆಗೆ ಕಾಯಬೇಕಿಲ್ಲ. ಬರುವ ಭಾನುವಾರ ಮನೆಯಿಂದ ಹತ್ತು ನಿಮಿಷ ಮೊದಲು ಹೊರಡೋಣ.

ನಾನು ಈಗಲೂ ಅದೇ ಹಳ್ಳಿಯ ಮೇಲೆ ಹಾದು ಬರುತ್ತೇನೆ. ಮೊದಲ ಮನೆ ಕಂಡ ಕೂಡಲೇ ಗೇರ್ ಇಳಿಸುತ್ತೇನೆ. ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತವರ ಮುಖಗಳು ಕಾಣುತ್ತವೆ. ಕೆಲವರು ಕೈಯೆತ್ತುತ್ತಾರೆ, ನಾನೂ ತಲೆಯಾಡಿಸುತ್ತೇನೆ. ಆ ಊರಿನಲ್ಲಿ ಮಂದಿ ಇದ್ದಾರೆ.